ಎಡಕ್ಕೆ ಲೆಕ್ಕ, ಬಲಕ್ಕೆ ಹಾಡು

ನಮ್ಮ ಶಾಲೆಗೆ ಮೊಟ್ಟಮೊದಲು ಕಂಪ್ಯೂಟರ್ ಬಂದಾಗ ಅದರ ಮೇಲೆ ಧೂಳು ಕೂರದಿರಲಿ ಎಂದು ಹೂವಿನ ಬಟ್ಟೆಯ ಗವಸು ಹೊಲಿದುಕೊಟ್ಟವಳು ನಾನು. ಬಹಳ ವರ್ಷ ಕಂಪ್ಯೂಟರಿಗೂ ನನಗೂ ಇದ್ದ ನಂಟು ಅಷ್ಟೇ. ಕನ್ನಡ, ಸಮಾಜ ವಿಜ್ಞಾನ ಪಾಠ ಮಾಡುವ ಬಿ.ಎ., ಬಿ.ಎಡ್. ಟೀಚರಿಗೆ ಅದಕ್ಕಿಂತ ಹೆಚ್ಚು ಬೇಕಾಗಿಯೂ ಇರಲಿಲ್ಲ. ಆಮೇಲಾಮೇಲೆ ಹಾಜರಿ, ಅಂಕಪಟ್ಟಿ ಎಲ್ಲವೂ ಅದರೊಳಗೆ ಹೋದವು; ಅವುಗಳ ಹಿಂದೆ ನಾನೂ ಮನಸ್ಸಿಲ್ಲದ ಮನಸ್ಸಿನಿಂದ ಹೋದೆ. ಅಂಥವಳು 2024ರ ಬೇಸಿಗೆ ರಜೆಯಲ್ಲಿ, ದಾವಣಗೆರೆಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಕರಿಯ ಪರದೆಯ ಮೇಲೆ ಅಕ್ಷರದಲ್ಲಿ ಆಜ್ಞೆ ಬರೆದು 348 ಚಿತ್ರಗಳನ್ನು ಸಾಲಾಗಿ ನಡೆಸಿದೆ ಎಂದರೆ ನೀವು ನಂಬಲಿಕ್ಕಿಲ್ಲ. ನಮ್ಮ ಮನೆಯವರು ಕಣ್ಣಾರೆ ಕಂಡೂ ನಂಬಲಿಲ್ಲ.

ಈ ಸಾಹಸಕ್ಕೆಲ್ಲ ಕಾರಣ ನಮ್ಮ ಅವ್ವ.

ಅವ್ವ ಹರಿಹರದಲ್ಲಿ ಬಾಳಿದವಳು. ಅಪ್ಪ ಅಲ್ಲಿಯ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದರು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ಅವ್ವನಿಗೆ ಬರೆಯುವ ಹುಚ್ಚು ಎಲ್ಲಿಂದ ಬಂತೋ ಕಾಣೆ. 1986ರ ಯುಗಾದಿಯ ದಿನ ಇನ್ನೂರು ಪುಟದ ಲಾಂಗ್ ನೋಟ್‌ಬುಕ್ಕಿಗೆ ಅರಿಸಿನ ಕುಂಕುಮ ಹಚ್ಚಿ ಬರೆಯಲು ಶುರುಮಾಡಿದಳು. ಪುಸ್ತಕ ಬಿಚ್ಚಿದರೆ ಎದುರುಬದುರು ಬರುವ ಎರಡು ಪುಟ ಒಂದು ತಿಂಗಳಿಗೆ. ಬಲಗಡೆಯ ಪುಟದ ನೆತ್ತಿಗೆ ತಿಂಗಳ ಹೆಸರು: ಚೈತ್ರ, ವೈಶಾಖ, ಜ್ಯೇಷ್ಠ. ಕೆಳಗೆ ಆ ತಿಂಗಳಲ್ಲಿ ಯಾರದೋ ಮದುವೆಯಲ್ಲೋ ಸೀಮಂತದಲ್ಲೋ ಕೇಳಿಸಿಕೊಂಡು ಬಂದ ಒಂದು ಹಾಡು. ಎಡಗಡೆ ಮನೆಯ ಲೆಕ್ಕ: ಹಾಲು, ಸೀಮೆಎಣ್ಣೆ, ಜೋಳ, ಚೀಟಿಯ ಕಂತು. ಲೆಕ್ಕದ ಪುಟಕ್ಕೆ ತಲೆಬರಹ ಇಲ್ಲ, ತಾರೀಕೂ ಇಲ್ಲ. ಎದುರಿಗೇ ತಿಂಗಳ ಹೆಸರು ಇರುವಾಗ ಮತ್ತೆ ಯಾಕೆ ಬರೆಯಬೇಕು ಎನ್ನುವುದು ಅವಳ ಉಳಿತಾಯ. ಹೀಗೆ ಹದಿನಾಲ್ಕು ವರ್ಷ ಬರೆದು, 2000ದ ಫಾಲ್ಗುಣದಲ್ಲಿ ಅಪ್ಪ ತೀರಿಕೊಂಡ ಮೇಲೆ ಪುಸ್ತಕ ಮುಚ್ಚಿದಳು. ಎರಡನೆಯ ಪುಸ್ತಕದಲ್ಲಿ ಇನ್ನೂ ಖಾಲಿ ಹಾಳೆ ಉಳಿದಿದ್ದವು.

2023ರಲ್ಲಿ ಅವ್ವನೂ ಹೋದಳು. ವರ್ಷದ ಕಾರ್ಯಕ್ಕೆ ಬಂದ ಹೆಣ್ಣುಮಕ್ಕಳಿಗೆ ಕುಪ್ಪಸದ ಜೊತೆಗೆ ಅವಳ ಹಾಡುಗಳ ಪುಸ್ತಕವನ್ನೂ ಉಡಿಯಲ್ಲಿ ಹಾಕೋಣ ಎಂಬ ಯೋಚನೆ ನನ್ನದು. ಹರಿಹರದ ಹಳೆಯ ಮನೆಯಲ್ಲಿ ಇರುವ ನನ್ನ ತಮ್ಮ ಟ್ರಂಕಿನಿಂದ ಎರಡೂ ಪುಸ್ತಕ ತೆಗೆದುಕೊಟ್ಟ. ಹಿತ್ತಲ ಬಾಗಿಲ ಬೆಳಕಿನಲ್ಲಿ ಮಣೆಯ ಮೇಲೆ ಪುಸ್ತಕ ಇಟ್ಟು, ಮೊಬೈಲಿನಲ್ಲಿ ಬಲಗಡೆಯ ಪುಟಗಳನ್ನಷ್ಟೇ ಒಂದೊಂದಾಗಿ ಹೊಡೆದುಕೊಂಡು ಬಂದೆ. ಹಾಲು, ಸೀಮೆಎಣ್ಣೆಯ ಲೆಕ್ಕ ಯಾರಿಗೆ ಬೇಕು ಎಂದುಕೊಂಡಿದ್ದೆ. ಎರಡು ವಾರದ ಮೇಲೆ ತಮ್ಮ ಫೋನ್ ಮಾಡಿ, ಟ್ರಂಕಿನ ತಳಕ್ಕೆ ಗೆದ್ದಲು ಹತ್ತಿದೆ ಎಂದ. ಎದೆ ಧಸಕ್ಕೆಂದಿತು. ಮುಂದಿನ ಭಾನುವಾರವೇ ಬಸ್ಸು ಹತ್ತಿ ಹೋಗಿ ಎಡಗಡೆಯ ಪುಟಗಳನ್ನೂ ಹೊಡೆದುಕೊಂಡೆ. ಹಾಗಾಗಿ ನನ್ನ ಹತ್ತಿರ ಎರಡು ಸಾಲು ಚಿತ್ರಗಳಾದವು. ಒಂದರಲ್ಲಿ ಬರೀ ಹಾಡು, ಇನ್ನೊಂದರಲ್ಲಿ ಬರೀ ಲೆಕ್ಕ. ಸಾಲಿಗೆ 174ರಂತೆ ಒಟ್ಟು 348.

ಮನೆಗೆ ಬಂದು ನೋಡಿದರೆ ಒಂದೊಂದು ಚಿತ್ರದ್ದು ಒಂದೊಂದು ರೋಗ. ಒಂದು ವಾಲಿದೆ, ಒಂದರ ಮೇಲೆ ನನ್ನದೇ ಕೈಯ ನೆರಳು, ಇನ್ನೊಂದು ಹಳದಿಗಟ್ಟಿ ಅಕ್ಷರವೇ ಕಾಣದು. ಮೊಬೈಲಿನಲ್ಲೇ ಬೆರಳಾಡಿಸಿ ನೆಟ್ಟಗೆ ಮಾಡಿ, ಅಂಚು ಕತ್ತರಿಸಿ, ಬೆಳಕು ಏರಿಸಿ, ಹನ್ನೆರಡು ಪುಟ ಮುಗಿಸುವಷ್ಟರಲ್ಲಿ ಎರಡು ಗಂಟೆ ಕಳೆದು ಒಲೆಯ ಮೇಲಿದ್ದ ಬೇಳೆ ತಳ ಹಿಡಿದಿತ್ತು. 348ಕ್ಕೆ ಎಷ್ಟು ಗಂಟೆ, ಎಷ್ಟು ಪಾತ್ರೆ ಬೇಳೆ ಎಂದು ನೀವೇ ಲೆಕ್ಕ ಹಾಕಿ. ಸೋತು ಬೆಂಗಳೂರಿಗೆ ಫೋನ್ ಮಾಡಿದೆ. ತಮ್ಮನ ಮಗಳು ಅಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾಳೆ. ನನ್ನ ಮೇಜಿನ ಮೇಲಿದ್ದ ಲ್ಯಾಪ್‌ಟಾಪೂ ಅವಳು ಬಳಸಿ ಬಿಟ್ಟದ್ದೇ. ಅದರಲ್ಲಿ ಉಬುಂಟು ಎಂಬುದನ್ನು ಹಾಕಿಕೊಟ್ಟಿದ್ದಳು.

"ಅತ್ತೆ, ಒಂದೊಂದಕ್ಕೂ ಯಾಕೆ ಕೈ ಹಚ್ಚತೀರಿ? ಒಂದು ಸಲ ಹೇಳಿಬಿಡ್ರಿ, ಅದೇ ಎಲ್ಲಕ್ಕೂ ಮಾಡುತ್ತೆ" ಅಂದಳು.

"ಯಾರಿಗೆ ಹೇಳಲಿ?"

"ಕಂಪ್ಯೂಟರಿಗೆ. ಬಾಯಲ್ಲಿ ಅಲ್ಲ, ಬರೆದು."

ಅವಳು ತೆಗೆಸಿದ ಕರಿಯ ಪರದೆಯಲ್ಲಿ ಚಿತ್ರವಿಲ್ಲ, ಗುಂಡಿಯಿಲ್ಲ, ಮೌಸಿಗೆ ಕೆಲಸವೇ ಇಲ್ಲ. ಒಂದು ಗೆರೆ ಮಿನುಗುತ್ತಾ ಅಪ್ಪಣೆಗೆ ಕಾಯುತ್ತದೆ. ಮೊದಮೊದಲು ಭಯವಾಯಿತು. ಆಮೇಲೆ ಇದು ನಮಗೆ ಗೊತ್ತಿರುವ ಸಂಗತಿಯೇ ಅನ್ನಿಸಿತು. ಮದುವೆ ಮನೆಯಲ್ಲಿ ಹಿರಿಯಳೊಬ್ಬಳು ಮೂಲೆಯಲ್ಲಿ ಕೂತು, "ಆ ಕಾಯಿ ತುರಿ, ತುರಿದದ್ದು ಇವಳಿಗೆ ಕೊಡು, ಇವಳು ರುಬ್ಬಲಿ" ಎನ್ನುತ್ತಾಳಲ್ಲ, ಹಾಗೆ. ಯಾವುದನ್ನು ತೆಗೆದುಕೊಳ್ಳಬೇಕು, ಏನು ಮಾಡಬೇಕು, ಮಾಡಿದ್ದನ್ನು ಎಲ್ಲಿ ಇಡಬೇಕು, ಇಷ್ಟು ಬರೆದರೆ ಆಯಿತು. ಒಂದು ಅಕ್ಷರ ತಪ್ಪಿದರೆ ಮಾತ್ರ ತಿಳಿಯಲಿಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುತ್ತದೆ. ಮೂವತ್ತು ವರ್ಷ ಮಕ್ಕಳ ಕಾಗುಣಿತ ತಿದ್ದಿದ ನನ್ನ ಕಾಗುಣಿತವನ್ನು ಅದು ತಿದ್ದಿತು.

ನಮ್ಮ ಕೆಲಸಕ್ಕೆ ಬಂದ ಪ್ರೋಗ್ರಾಮಿನ ಹೆಸರು ಇಮೇಜ್‌ಮ್ಯಾಜಿಕ್. ಅಮೆರಿಕದ ಡುಪಾಂಟ್ ಕಂಪನಿಯಲ್ಲಿದ್ದ ಜಾನ್ ಕ್ರಿಸ್ಟಿ ಎಂಬವರು 1987ರಲ್ಲಿ ಇದನ್ನು ಶುರುಮಾಡಿದರಂತೆ. 1990ರಲ್ಲಿ ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಲಿ ಎಂದು ಹೊರಗೆ ಬಿಟ್ಟರಂತೆ. ಹಾಗಾದರೆ ಇದು ನಮ್ಮ ಅವ್ವನ ಪುಸ್ತಕಕ್ಕಿಂತ ಒಂದು ವರ್ಷ ಚಿಕ್ಕದು. ವಾಲಿದ ಪುಟವನ್ನು ನೆಟ್ಟಗೆ ಮಾಡುವುದು, ಹಳದಿ ತೆಗೆದು ಬೂದು ಬಣ್ಣಕ್ಕೆ ತರುವುದು, ಮಬ್ಬಾದದ್ದನ್ನು ತಿಳಿಯಾಗಿಸುವುದು, ಎಲ್ಲವನ್ನೂ ಒಂದೇ ಅಳತೆಗೆ ತರುವುದು, ಎರಡನ್ನು ಪಕ್ಕಪಕ್ಕ ಜೋಡಿಸುವುದು, ಎಲ್ಲಕ್ಕೂ ಇದರಲ್ಲಿ ಒಂದೊಂದು ಮಾತು ಇದೆ.

"ಮೂಲ ಚಿತ್ರದ ಒಂದು ಪ್ರತಿ ಬೇರೆ ಕಡೆ ಇಡ್ರಿ. ಮೊಗ್ರಿಫೈ ಅನ್ನೋ ಆಜ್ಞೆ ಇದೆ, ಅದು ಮೂಲದ ಮೇಲೇ ತಿದ್ದಿಬಿಡುತ್ತೆ. ಅದರ ತಂಟೆಗೆ ಹೋಗಬ್ಯಾಡ್ರಿ" ಎಂದು ಮೊದಲೇ ಎಚ್ಚರಿಸಿದಳು.

ನಾನು ಒಂದೊಂದು ಕೆಲಸ ಮುಗಿದ ಮೇಲೂ ಚಿತ್ರಗಳನ್ನು ಬೇರೆ ಹೆಸರಿನಲ್ಲಿ ಉಳಿಸುತ್ತಾ ಹೊರಟೆ. ಐದು ಕೆಲಸಕ್ಕೆ 348ರ ಹಾಗೆ 1,740 ಚಿತ್ರ. ಹಳೆಯ ಲ್ಯಾಪ್‌ಟಾಪ್ ಏದುಸಿರು ಬಿಟ್ಟು, ಜಾಗವಿಲ್ಲ ಎಂದು ಮೊಂಡು ಹಿಡಿಯಿತು. ಆಗ ಅವಳು ಕಲಿಸಿದ್ದೇ ಈ ಬರಹದ ಮುಖ್ಯ ಸಂಗತಿ.

"ಅತ್ತೆ, ನಡುನಡುವೆ ಕೆಳಗೆ ಇಡಬ್ಯಾಡ್ರಿ. ಒಂದರ ಕೈಯಿಂದ ಇನ್ನೊಂದರ ಕೈಗೆ ಕೊಡ್ರಿ. ಎರಡು ಆಜ್ಞೆಯ ನಡುವೆ ಒಂದು ನಿಂತ ಗೆರೆ ಎಳೀರಿ. ಅದಕ್ಕೆ ಪೈಪ್ ಅಂತಾರೆ."

ಕೀಲಿಮಣೆಯ ಮೇಲೆ ಹುಡುಕಿದೆ. ಎಷ್ಟೋ ವರ್ಷದಿಂದ ಅಲ್ಲೇ ಇದ್ದ, ಯಾತಕ್ಕೆಂದು ನಾನು ಕೇಳದೇ ಹೋದ ಗೆರೆ ಅದು. ಹಳೆಯ ಪದ್ಯಗಳ ಸಾಲಿನ ಕೊನೆಗೆ ನಾವು ದಂಡ ಹಾಕುತ್ತೇವಲ್ಲ, ಥೇಟು ಹಾಗೇ ಇದೆ. ಆದರೆ ದಂಡ ಹಾಕುವುದು ಇಲ್ಲಿ ನಿಲ್ಲು ಎನ್ನಲಿಕ್ಕೆ. ಈ ಗೆರೆ ಇರುವುದು ಮುಂದಕ್ಕೆ ಹರಿ ಎನ್ನಲಿಕ್ಕೆ. ಎಡಗಡೆಯವನು ಮಾಡಿದ್ದು ಬಲಗಡೆಯವನಿಗೆ ಸೀದಾ ಹೋಗುತ್ತದೆ. ಕಡತದ ಹೆಸರು ಬರೆಯುವ ಜಾಗದಲ್ಲಿ ಒಂದು ಗಿಡ್ಡ ಅಡ್ಡಗೆರೆ ಹಾಕಿದರೆ, 'ಹೆಸರು ಕೇಳಬೇಡ, ಹಿಂದಿನವನು ಕೊಟ್ಟದ್ದನ್ನು ತೆಗೆದುಕೋ' ಎಂದು ಅರ್ಥ.

ಪೈಪ್ ಎಂದರೆ ದಾವಣಗೆರೆಯ ಹೆಂಗಸರಿಗೆ ಬಿಡಿಸಿ ಹೇಳಬೇಕೇ? ನೀರು ಬಿಡುವ ದಿನ ಕೊಡ ಸಾಲಿಟ್ಟು ಕಾದವರು ನಾವು. ನಮ್ಮ ಊರಿನ ನಲ್ಲಿಗೆ ಬರುವ ನೀರಿನಲ್ಲಿ ಒಂದು ಪಾಲು ಹರಿಹರ ತಾಲ್ಲೂಕಿನ ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ ಎತ್ತಿದ್ದು. ಹೊಳೆಯ ನೀರು ಕೆಸರು ಕಳೆದುಕೊಂಡು, ಸೋಸಿಕೊಂಡು, ಔಷಧ ಬೆರೆಸಿಕೊಂಡು, ಮೇಲಿನ ಟ್ಯಾಂಕಿಗೆ ಹತ್ತಿ, ನಮ್ಮ ಬಚ್ಚಲಿಗೆ ಬರುತ್ತದೆ. ನಡುವೆ ಯಾರೂ ಅದನ್ನು ಕೊಡದಲ್ಲಿ ಹಿಡಿದು ಹೊತ್ತು ತರುವುದಿಲ್ಲ. ನಾನು ಮಾಡಿದ್ದು ಅದನ್ನೇ: ಪ್ರತಿಯೊಂದು ಹಂತದಲ್ಲೂ ಕೊಡ ತುಂಬಿ ಇಟ್ಟು ಮನೆಯೆಲ್ಲ ಕೊಡವಾಗಿತ್ತು. ಈ ಹೋಲಿಕೆ ನನ್ನೊಬ್ಬಳದೇ ಅಲ್ಲವಂತೆ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಡಗ್ಲಸ್ ಮೆಕಿಲ್ರಾಯ್ ಎಂಬವರು 1964ರಲ್ಲೇ ಒಂದು ಟಿಪ್ಪಣಿ ಬರೆದು, ತೋಟಕ್ಕೆ ನೀರು ಬಿಡುವ ಪೈಪಿನ ತುಂಡುಗಳನ್ನು ತಿರುಪಿ ಸೇರಿಸಿದ ಹಾಗೆ ಪ್ರೋಗ್ರಾಮುಗಳನ್ನೂ ಸೇರಿಸಲು ಬರಬೇಕು ಎಂದಿದ್ದರು. ಅದೇ ಸಂಸ್ಥೆಯ ಕೆನ್ ಥಾಂಪ್ಸನ್ 1973ರಲ್ಲಿ ಯುನಿಕ್ಸ್ ಎಂಬ ವ್ಯವಸ್ಥೆಯಲ್ಲಿ ಅದನ್ನು ಮಾಡಿ ತೋರಿಸಿದರು. ನನ್ನ ಮೇಜಿನ ಮೇಲಿನ ಉಬುಂಟು ಆ ದಾರಿಯಲ್ಲೇ ಬಂದದ್ದು.

ಇನ್ನೊಂದು ಸೊಗಸು ಏನೆಂದರೆ, ಪೈಪಿನಲ್ಲಿ ಸೇರಿಸಿದ ಕೆಲಸಗಳು ಒಂದು ಪೂರಾ ಮುಗಿದ ಮೇಲೆ ಇನ್ನೊಂದು ಎಂದು ಕಾಯುತ್ತಾ ಕೂರುವುದಿಲ್ಲ. ನಮ್ಮೂರಿನ ಮಂಡಕ್ಕಿ ಭಟ್ಟಿಯನ್ನು ನೆನೆಸಿಕೊಳ್ಳಿ. ಒಬ್ಬ ಕಾದ ಮರಳಿನಲ್ಲಿ ಅಕ್ಕಿ ಹುರಿಯುತ್ತಿರುವಾಗಲೇ ಇನ್ನೊಬ್ಬ ಮೊದಲ ಬಾಣಲೆಯದನ್ನು ಜರಡಿ ಹಿಡಿಯುತ್ತಿರುತ್ತಾನೆ, ಮಗುದೊಬ್ಬ ಚೀಲ ತುಂಬುತ್ತಿರುತ್ತಾನೆ. ಜರಡಿಯವನ ಕೈ ನಿಧಾನವಾದರೆ ಹುರಿಯುವವನೂ ತಡೆಯಬೇಕು. ಹಾಗೆಯೇ ಇಲ್ಲೂ ಹತ್ತನೆಯ ಪುಟ ಜೋಡಿಯಾಗುತ್ತಿರುವಾಗ ಮೊದಲಿನವು ಮುಂದಿನವನ ಕೈ ಸೇರಿರುತ್ತವೆ. ಎಲ್ಲ ಕೂಡಿ ಕೊನೆಯಲ್ಲಿ ಉಳಿಯುವುದು ಒಂದೇ ಕಡತ.

ಆದರೆ ಸಾಲು ಸರಿಯಿರಬೇಕು. ಮೊಬೈಲ್ ಇಟ್ಟ ಉದ್ದುದ್ದ ಹೆಸರುಗಳನ್ನು ತೆಗೆದು, ಎರಡು ರಾತ್ರಿ ಕೂತು 1, 2, 3 ಎಂದು ನಾನೇ ಸಂಖ್ಯೆ ಕೊಟ್ಟಿದ್ದೆ. ಪಟ್ಟಿ ಕೇಳಿದರೆ ಪುಣ್ಯಾತ್ಮ ಕಂಪ್ಯೂಟರ್ 1ರ ಹಿಂದೆ 10, ಅದರ ಹಿಂದೆ 100, 101 ಎಂದು ನಿಲ್ಲಿಸಿ, 2ನ್ನು ಎಲ್ಲೋ ಹಿತ್ತಲಲ್ಲಿ ನಿಲ್ಲಿಸಿತ್ತು. ಅದು ಅವನ್ನು ಸಂಖ್ಯೆ ಎಂದು ಓದುವುದಿಲ್ಲ, ಅಕ್ಷರ ಎಂದು ಓದುತ್ತದೆ. ನಿಘಂಟಿನಲ್ಲಿ 'ಅ' ಇಂದ ಶುರುವಾಗುವ ಶಬ್ದವೆಲ್ಲ ಮುಗಿದ ಮೇಲೇ 'ಆ' ಬಂದ ಹಾಗೆ. ಅದಕ್ಕೆ ಮದ್ದು, ಎಲ್ಲರನ್ನೂ ಒಂದೇ ಎತ್ತರಕ್ಕೆ ತರುವುದು: 001, 002, 010, 100. ಪ್ರಾರ್ಥನೆಗೆ ಮಕ್ಕಳನ್ನು ಸಾಲು ನಿಲ್ಲಿಸುವವಳಿಗೆ ಇದು ಹೊಸದಲ್ಲ. ಸೊನ್ನೆಗೆ ಇಷ್ಟು ಬೆಲೆ ಇದೆ ಎಂದು ಮಾತ್ರ ಗೊತ್ತಿರಲಿಲ್ಲ.

ಎರಡು ಸಾಲನ್ನು ಒಂದು ಮಾಡುವುದು ಕೊನೆಯ ಕೆಲಸ. 001ರಿಂದ 174ರವರೆಗೆ ಎಣಿಸುತ್ತಾ ಹೋಗು. ಪ್ರತಿ ಸಲಕ್ಕೂ ಎಡಸಾಲಿನಿಂದ ಒಂದು, ಬಲಸಾಲಿನಿಂದ ಒಂದು ತೆಗೆದುಕೋ. ಎರಡನ್ನೂ ನೆಟ್ಟಗೆ ಮಾಡಿ, ತಿಳಿಗೊಳಿಸಿ, ಪಕ್ಕಪಕ್ಕ ಸೇರಿಸು. ಸೇರಿಸಿದ್ದನ್ನು ಪೈಪಿಗೆ ಬಿಡು. ಪೈಪಿನ ಆ ತುದಿಯಲ್ಲಿರುವವನು ಒಂದರ ಹಿಂದೊಂದು ಬಂದದ್ದನ್ನು ಹಿಡಿದು ಪುಸ್ತಕ ಕಟ್ಟುತ್ತಾನೆ. ಇದಕ್ಕೆಂದೇ ಇಮೇಜ್‌ಮ್ಯಾಜಿಕ್‌ಗೆ ಮಿಫ್ ಎಂಬ ತನ್ನದೇ ಒಂದು ಬಗೆಯ ಪೊಟ್ಟಣ ಇದೆ. ಎಷ್ಟು ಚಿತ್ರಗಳನ್ನು ಹಿಂದುಮುಂದಾಗಿ ಸುರಿದರೂ ಒಂದು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂಬುದು ಅದರಲ್ಲಿ ಕಲಸಿಹೋಗುವುದಿಲ್ಲ. ಜೋಡಿಸುವ ಮಾತಿನ ಹಿಂದೆ ಕೂಡಿಸುವ ಚಿಹ್ನೆ ಹಾಕಿದರೆ ಪಕ್ಕಪಕ್ಕ, ಕಳೆಯುವ ಚಿಹ್ನೆ ಹಾಕಿದರೆ ಮೇಲೆಕೆಳಗೆ. ಮೊದಲ ಸಲ ನಾನು ಕಳೆಯುವುದು ಹಾಕಿ, ಹಾಡಿನ ತಲೆಯ ಮೇಲೆ ಸೀಮೆಎಣ್ಣೆಯ ಲೆಕ್ಕ ಕೂತಿತ್ತು.

ತಿದ್ದಿ ಮತ್ತೆ ಬರೆದೆ. "ಎರಡೂ ಕಡೆ ಎಣಿಕೆ ಸರಿ ಇದೆಯಾ ಅತ್ತೆ?" ಎಂದು ಕೇಳಿದಳು. "174, 174" ಎಂದೆ ಹೆಮ್ಮೆಯಿಂದ. ರಾತ್ರಿ ಹತ್ತಕ್ಕೆ ಗುಂಡಿ ಒತ್ತಿ, ಪಾತ್ರೆ ತೊಳೆದು ಬರುವಷ್ಟರಲ್ಲಿ ಪುಸ್ತಕ ಆಗಿತ್ತು. ಎಡಕ್ಕೆ ಲೆಕ್ಕ, ಬಲಕ್ಕೆ ಹಾಡು, ಅವ್ವ ಬಿಚ್ಚಿಟ್ಟ ಹಾಗೆಯೇ. ನಮ್ಮ ಹರಿಹರೇಶ್ವರ ನೆನಪಾದ. 1224ರ ಹೊತ್ತಿಗೆ ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿಯಲ್ಲಿ, ಬಲಭಾಗ ಹರ, ಎಡಭಾಗ ಹರಿಯಾಗಿ ನಿಂತ ದೇವರು. ಅಲ್ಲಿ ಬೆಸುಗೆಯ ಗೆರೆ ಕಾಣುವುದಿಲ್ಲ, ಒಂದೇ ಕಲ್ಲು. ನನ್ನ ಬೆಸುಗೆಯೂ ಹಾಗೇ ಕೂತಿದೆ ಎಂದು ಹಿಗ್ಗಿದೆ. ಈ ಹಿಗ್ಗು ಎಷ್ಟು ಹೊತ್ತಿನದು ಎಂದು ಈಗ ಹೇಳುತ್ತೇನೆ.

ಪುಟ ಸರಿಸುತ್ತಾ ಮೊದಲು ಹುಡುಕಿದ್ದು 1992ನ್ನು. ಅದಕ್ಕೊಂದು ಹಿನ್ನೆಲೆ ಇದೆ. ಅವ್ವನಿಗೆ ಅವಳ ತವರಿನವರು ಹಾಕಿದ್ದ ಒಂದು ಜೊತೆ ಪಾಟ್ಲಿ ಇದ್ದವು. ನಾನು ಚಿಕ್ಕವಳಿದ್ದಾಗ ಅವುಗಳನ್ನು ಮೊಣಕೈವರೆಗೆ ಏರಿಸಿಕೊಂಡು ಆಡಿದವಳು. ಅವು ನಿನಗೇ ಎಂದು ಅವಳೇ ಹೇಳಿದ್ದಳು. ನನ್ನ ಮದುವೆಯ ಹೊತ್ತಿಗೆ ಅವು ಇರಲಿಲ್ಲ. ಕೇಳಿದ್ದಕ್ಕೆ, "ಫೀಜಿಗೆ ಹೋದವು" ಎಂದಳು. ಯಾರ ಫೀಜು ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ನನ್ನ ಬಿ.ಎಡ್. ಫೀಜು ಅಪ್ಪನ ಬೋನಸ್ಸಿನಲ್ಲಿ ಕಟ್ಟಿದ್ದು ಎಂದು ಮೊದಲೇ ಹೇಳಿದ್ದರು. ಅದೇ ವರ್ಷ ತಮ್ಮನೂ ಇಂಜಿನಿಯರಿಂಗಿಗೆ ಸೇರಿದ್ದ. ಗಂಡುಮಗನ ಓದಿಗೆ ಹೆಣ್ಣುಮಗಳ ಪಾಟ್ಲಿ ಎಂದು ನಾನೇ ಕೂಡಿಸಿ ಕಳೆದು ತೀರ್ಮಾನಿಸಿಕೊಂಡಿದ್ದೆ. ಬಾಯಿ ಬಿಟ್ಟು ಆಡಲಿಲ್ಲ. ಆದರೆ ಆಡದ ಮಾತು ಹೊಟ್ಟೆಯಲ್ಲಿ ಸುಮ್ಮನೆ ಇರುತ್ತದೆಯೇ? ಅವನ ಮನೆಯ ಪ್ರತಿ ಶುಭಕಾರ್ಯದಲ್ಲೂ ನನ್ನ ಕಣ್ಣು ಅವನ ಹೆಂಡತಿಯ ಕೈಯ ಮೇಲೆ ಹೋಗುತ್ತಿತ್ತು.

79ನೆಯ ಪುಟದಲ್ಲಿ ಸಿಕ್ಕಿತು. ಎಡಗಡೆ ಅವ್ವನ ಗುಂಡು ಅಕ್ಷರ: ಪಾಟ್ಲಿ ಒತ್ತೆ 3,200. ಫೀಜು. ಬಲಗಡೆ ನೆತ್ತಿಗೆ: ಆಷಾಢ. ತಮ್ಮ ಕಾಲೇಜಿಗೆ ಸೇರಿದ್ದು ಆ ವರ್ಷದ ಜುಲೈ, ಆಷಾಢದಲ್ಲಿ; ಒಳ್ಳೆಯ ಕೆಲಸಕ್ಕೆ ಆಷಾಢವೇ ಸಿಗಬೇಕಿತ್ತೇ ಎಂದು ಅಜ್ಜಿ ಗೊಣಗಿದ್ದು ನನಗೆ ಚೆನ್ನಾಗಿ ನೆನಪಿದೆ. ನಾನು ಬಿ.ಎಡ್.ಗೆ ಸೇರಿದ್ದು ಮುಂದಿನ ತಿಂಗಳು. ಮೂವತ್ತು ವರ್ಷದ ಗುಮಾನಿಗೆ ಅವ್ವನ ಕೈಬರಹದ್ದೇ ಸಾಕ್ಷಿ ಸಿಕ್ಕಂತಾಯಿತು.

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲು ತಮ್ಮನಿಗೆ ಫೋನ್ ಮಾಡಿದೆ. "ಅವ್ವನ ಪಾಟ್ಲಿ ನಿನ್ನ ಫೀಜಿಗೆ ಹೋಗಿದ್ದಪ್ಪ. ಬರೆದಿಟ್ಟದ್ದು ಸಿಕ್ಕಿದೆ. ನಾನು ಕೊಡು ಅಂತ ಕೇಳ್ತಿಲ್ಲ. ಗೊತ್ತಿರಲಿ ಅಂತ ಹೇಳಿದೆ" ಎಂದೆ. 'ಕೊಡು ಅಂತ ಕೇಳ್ತಿಲ್ಲ' ಎಂಬ ಮಾತಿನಲ್ಲಿ ಎಷ್ಟು ವಿಷ ತುಂಬಬಹುದು ಎಂದು ಹೆಣ್ಣುಮಕ್ಕಳಾದ ನಿಮಗೆ ಹೇಳಬೇಕಾಗಿಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರಬಹುದು ಬಿಡಕ್ಕ" ಎಂದು ಫೋನ್ ಇಟ್ಟ. ದಿನಾ ಸಂಜೆ ಬರುತ್ತಿದ್ದ ಅವನ ಮಗಳ ಫೋನೂ ಎರಡು ದಿನ ಬರಲಿಲ್ಲ.

ಮೂರನೆಯ ದಿನ, ಪುಸ್ತಕವನ್ನು ಅಚ್ಚಿಗೆ ಕೊಡುವ ಮುಂಚೆ ಒಮ್ಮೆ ಓದೋಣ ಎಂದು ಕೂತೆ. ಶ್ರಾವಣದ ಹಾಡಿನ ಎದುರಿಗೆ ಗೌರಿಯ ಬಾಗಿನದ ಮೊರ, ಗಣಪನ ಕಡುಬಿಗೆ ಬೆಲ್ಲ ಎಂದು ಇತ್ತು. ನಮ್ಮ ಅವ್ವ ತಿಂಗಳ ಮುಂಚೆ ಮೊರ ತಂದಿಡುವವಳಲ್ಲ. ಹಬ್ಬದ ಹಿಂದಿನ ಸಂಜೆಗೆ ಓಡುವವಳು. ಕಾರ್ತಿಕದ ದೀಪದೆಣ್ಣೆ ಆಶ್ವಯುಜದ ಎದುರು ಕೂತಿತ್ತು. ಸಂಕ್ರಾಂತಿಯ ಎಳ್ಳು ಕೂಡ ಒಂದು ತಿಂಗಳು ಮುಂಚೆ. ಎದೆ ಹೊಡೆದುಕೊಳ್ಳತೊಡಗಿತು. 79ಕ್ಕೆ ಓಡಿದೆ. ಪಾಟ್ಲಿಯ ಸಾಲಿನ ಎರಡೇ ಸಾಲು ಮೇಲೆ ಬರೆದಿತ್ತು: ಪಂಚಮಿಗೆ ಅಳ್ಳು, ಕೊಬ್ಬರಿ ಬಟ್ಟಲು.

ನಾಗರ ಪಂಚಮಿ ಆಷಾಢದಲ್ಲಿ ಬರುತ್ತದೆಯೇ? ಮಕ್ಕಳನ್ನು ಕೇಳಿದರೂ ಶ್ರಾವಣ ಎನ್ನುತ್ತವೆ. ಆ ಸಾಲನ್ನು ನಾನು ಮೊದಲ ದಿನವೂ ಕಂಡಿದ್ದೆ. ಕಂಡಿದ್ದೆ, ಓದಿರಲಿಲ್ಲ.

ಹಿಂದಕ್ಕೆ ಹಿಂದಕ್ಕೆ ಹೋಗಿ ಹುಡುಕಿದೆ. 1989ರ ವೈಶಾಖದ ಹಾಡಿನ ಪುಟ ಬಲಸಾಲಿನಲ್ಲಿ ಎರಡು ಸಲ ಇತ್ತು. 39ನೆಯದರಲ್ಲಿ ಕೈ ಅಲುಗಿ ಮಂಜಾಗಿದೆ; ಮತ್ತೊಮ್ಮೆ ಹೊಡೆದದ್ದು 40. ಮೊದಲನೆಯದನ್ನು ಅಳಿಸಲು ಮರೆತಿದ್ದೆ. ಅಲ್ಲಿಂದ ಮುಂದಕ್ಕೆ ಪ್ರತಿಯೊಂದು ಹಾಡೂ ಒಂದು ತಿಂಗಳು ಹಿಂದೆ ಬಿದ್ದು, ಮುಂದಿನ ತಿಂಗಳ ಲೆಕ್ಕದ ಪಕ್ಕ ನಿಂತಿತ್ತು. ಹಾಗಾದರೆ ಎರಡೂ ಕಡೆ 174 ಹೇಗೆ ಸರಿಹೋಯಿತು? ಎಡಸಾಲಿನ ಕೊನೆಯಲ್ಲಿ ಒಂದು ಖಾಲಿ ಹಾಳೆಯನ್ನೂ ಹೊಡೆದಿದ್ದೆ. ಹದಿನಾಲ್ಕು ವರ್ಷಕ್ಕೆ 168 ತಿಂಗಳು. ನಡುವೆ 1988, 1991, 1993, 1996, 1999ರಲ್ಲಿ ಐದು ಅಧಿಕಮಾಸ. ಒಟ್ಟು ಇರಬೇಕಾದದ್ದು 173. ನಾನು ಸುಮ್ಮನೆ ಎರಡು ಸಂಖ್ಯೆ ಸಮ ಇವೆ ಎಂದು ನೋಡಿದೆನೇ ಹೊರತು ಅದು ಎಷ್ಟಿರಬೇಕಿತ್ತು ಎಂದು ಕೂತು ಎಣಿಸಲಿಲ್ಲ. ಒಂದು ಕಡೆಯ ತಪ್ಪನ್ನು ಇನ್ನೊಂದು ಕಡೆಯ ತಪ್ಪು ಮುಚ್ಚಿಟ್ಟಿತ್ತು. ಪಂಚಾಂಗದವರು ಹಾಕದ ಅಧಿಕಮಾಸವನ್ನು ನಾನು ಹಾಕಿದ್ದೆ.

ಪೈಪಿನದೇನೂ ತಪ್ಪಿಲ್ಲ. ಮೇಲಿನವನು ಕೊಟ್ಟದ್ದನ್ನು ಅದು ಚಾಚೂ ತಪ್ಪದೆ ಕೆಳಗೆ ಕೊಟ್ಟಿದೆ. ನಡುವೆ ಕೊಡದಲ್ಲಿ ಹಿಡಿದಿಟ್ಟಿದ್ದರೆ ಒಮ್ಮೆ ಬಗ್ಗಿ ನೋಡುತ್ತಿದ್ದೆನೇನೋ. ಈಗ ಸೀದಾ ಹರಿದು ಬಂದದ್ದು ಎಷ್ಟು ನುಣುಪಾಗಿತ್ತೆಂದರೆ ನೋಡಬೇಕು ಅನ್ನಿಸಲೇ ಇಲ್ಲ. ಬೆಂಗಳೂರಿನಲ್ಲಿ 'ಸರ್ವೆಂಟ್ಸ್ ಆಫ್ ನಾಲೆಡ್ಜ್' ಎಂಬ ಹೆಸರಿನಲ್ಲಿ ಹಳೆಯ ಕನ್ನಡ ಪುಸ್ತಕಗಳನ್ನು ಚಿತ್ರ ತೆಗೆದು ಇಂಟರ್ನೆಟ್ ಆರ್ಕೈವ್‌ನಲ್ಲಿ ಎಲ್ಲರಿಗೂ ಸಿಗುವಂತೆ ಇಡುವ ಕೆಲಸ ನಡೆದಿದೆ. ಪುಸ್ತಕಕ್ಕೆಂದೇ ಮಾಡಿದ ಯಂತ್ರಗಳಲ್ಲಿ ಎಡಪುಟಕ್ಕೊಂದು, ಬಲಪುಟಕ್ಕೊಂದು ಹೀಗೆ ಎರಡು ಕ್ಯಾಮೆರಾ ಇಟ್ಟು, ಎರಡನ್ನೂ ಒಂದೇ ಸಲಕ್ಕೆ ಒತ್ತುತ್ತಾರೆ ಎಂದು ಆಮೇಲೆ ತಿಳಿಯಿತು. ಹಾಗೆ ಒತ್ತಿದರೆ ಎದುರುಬದುರಿನ ಪುಟ ಅಗಲುವುದಿಲ್ಲ. ನಾನು ಹಾಡನ್ನು ಒಂದು ದಿನ, ಲೆಕ್ಕವನ್ನು ಇನ್ನೊಂದು ದಿನ ತೆಗೆದವಳು. ಹಾಡೇ ಸಾಕು, ಲೆಕ್ಕ ಬೇಡ ಎಂದು ಮೊದಲ ದಿನ ಅಂದುಕೊಂಡೆನಲ್ಲ, ಕೆಟ್ಟದ್ದು ಅಲ್ಲೇ.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಫೋನಿನಲ್ಲಿ ತಿದ್ದುವ ತಪ್ಪಲ್ಲ ಇದು ಎಂದು ಬಸ್ಸು ಹತ್ತಿದೆ. ಹದಿನಾಲ್ಕು ಕಿಲೋಮೀಟರು ಅಷ್ಟು ಉದ್ದ ಇದೆ ಎಂದು ಅವತ್ತೇ ಗೊತ್ತಾದದ್ದು.

ತಮ್ಮ ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದ. "ಬಾರಕ್ಕ" ಎಂದ, ಎಂದಿನ ಹಾಗೆ. "ಆ ಪುಸ್ತಕ ಕೊಡು" ಎಂದೆ. ತಂದು ಕೊಟ್ಟ. ಹುಡುಕಿ ಬಿಚ್ಚಿದೆ. ಎಡಗಡೆ ಪಾಟ್ಲಿ ಒತ್ತೆ. ಬಲಗಡೆ, ಕಾಗದದ ಮೇಲೆ, ಅವ್ವನ ಕೈಯಲ್ಲಿ: ಶ್ರಾವಣ. ಕೆಳಗೆ ಪಂಚಮಿಯ ಜೋಕಾಲಿಯ ಹಾಡು. ಹಿಂದಿನ ಹಾಳೆ ತಿರುವಿದೆ. ಆಷಾಢದ ಎದುರು: ಸೊಸೈಟಿ ಸಾಲ 2,500, ಕಾಲೇಜು. ಅವನದು ಸಾಲದಲ್ಲಿ, ನನ್ನದು ಪಾಟ್ಲಿಯಲ್ಲಿ.

"ಶ್ರಾವಣ" ಎಂದೆ. ಅದಕ್ಕಿಂತ ಹೆಚ್ಚು ಮಾತು ಹೊರಡಲಿಲ್ಲ.

"ಹೂಂ ಅಕ್ಕ."

"ನಿನಗೆ ಗೊತ್ತಿತ್ತಾ?"

ಅವನು ಪೇಪರನ್ನು ನಾಲ್ಕು ಮಡಿಕೆ ಮಾಡಿದ. "ಚೌಕಿಪೇಟೆಗೆ ಪಾಟ್ಲಿ ತಗೊಂಡು ಹೋದವನು ನಾನೇ ಅಲ್ಲೇನಕ್ಕ. ಕರ್ಚೀಫಿನಾಗೆ ಗಂಟು ಹಾಕಿ ಕೊಟ್ಟಿದ್ಲು. ಅಕ್ಕಗೆ ಗೊತ್ತಾದ್ರೆ ಓದೋದೇ ಬ್ಯಾಡ ಅಂತಾಳೆ, ಬಾಯಿ ಬಿಡಬ್ಯಾಡ ಅಂದಿದ್ಲು."

"ಮತ್ತೆ ನಾನು ಫೋನಿನಲ್ಲಿ ಹಂಗಂದಾಗ್ಲಾದ್ರೂ ಹೇಳಬಾರದಿತ್ತಾ?"

"ಅವ್ವ ಹೋಗಿ ಇನ್ನೂ ವರ್ಷ ತುಂಬಿಲ್ಲ. ಆಗಲೇ ಹೆಂಗೆ ಹೇಳಲಿ?"

ಒಳಗಿನಿಂದ ಅವನ ಹೆಂಡತಿ ಚಹಾ ತಂದಳು. ನಾನು ಅವಳ ಕೈ ನೋಡಲಿಲ್ಲ, ಮುಖ ನೋಡಿದೆ.

ಅವತ್ತು ಸಂಜೆ ಅಲ್ಲೇ ಉಳಿದೆ. ರಾತ್ರಿ ಊಟವಾದ ಮೇಲೆ ತಮ್ಮ, ನಾನು ಇಬ್ಬರೂ ಕೂತು ಪುಸ್ತಕವನ್ನೂ ಲ್ಯಾಪ್‌ಟಾಪನ್ನೂ ಎದುರಿಗಿಟ್ಟುಕೊಂಡು ಒಂದೊಂದು ಪುಟ ತಾಳೆ ನೋಡಿದೆವು. ಅವನು ತಿಂಗಳ ಹೆಸರು ಕೂಗುವುದು, ನಾನು ಹಬ್ಬದ ಲೆಕ್ಕ ಕೂಗುವುದು. ಮಂಜಾದ 39ನ್ನು ಸಾಲಿನಿಂದ ತೆಗೆದೆ, ಎಡಗಡೆಯ ಖಾಲಿ ಹಾಳೆಯನ್ನೂ ತೆಗೆದೆ. ಉಳಿದವಕ್ಕೆ ಹೊಸದಾಗಿ ಸಂಖ್ಯೆ ಹಾಕಿದೆ. ಬೆಂಗಳೂರಿಗೆ ಫೋನ್ ಮಾಡಿ ಆದದ್ದನ್ನೆಲ್ಲ ಹೇಳಿ, ಕೊನೆಗೆ, "ಈಗ 173, 173 ಕಣೇ" ಎಂದೆ. "ಎಷ್ಟಿರಬೇಕು ಅತ್ತೆ?" ಎಂದಳು. "ಅಷ್ಟೇ ಇರಬೇಕು. ಪಂಚಾಂಗ ನೋಡಿದೀನಿ" ಎಂದೆ. ಅವಳು ನಕ್ಕಳು. ಅದೇ ಆಜ್ಞೆಯನ್ನು, ಕೊನೆಯ ಸಂಖ್ಯೆಯೊಂದನ್ನು ಬದಲಿಸಿ, ಒತ್ತಿದೆ. ಮುಂಚಿನಷ್ಟೇ ಹೊತ್ತು ಹಿಡಿಯಿತು.

ವರ್ಷದ ಕಾರ್ಯದ ದಿನ ಪುಸ್ತಕ ಹಂಚಿದೆವು. ಬರೀ ಹಾಡಿನದಲ್ಲ, ಎರಡೂ ಪುಟದ್ದು. ಹಾಡು ಗೊತ್ತಿದ್ದ ಹಿರಿಯರು ಬಲಗಡೆ ಓದುತ್ತಾ ಅಲ್ಲೇ ದನಿ ಎತ್ತಿದರು. ಚಿಕ್ಕವರು ಎಡಗಡೆ ಓದುತ್ತಾ, ಆಗಿನ ಹಾಲಿನ ದರ, ಬೆಲ್ಲದ ದರ ಕಂಡು ಒಬ್ಬರಿಗೊಬ್ಬರು ತೋರಿಸಿ ನಕ್ಕರು. ದಾಯಾದಿ ಚಿಕ್ಕಮ್ಮ ಒಬ್ಬಳು ಕನ್ನಡಕ ಏರಿಸಿಕೊಂಡು 1992ರ ಶ್ರಾವಣಕ್ಕೆ ಬಂದು ನಿಂತಳು. "ಪಾಟ್ಲಿ ಒತ್ತೆ, ಫೀಜು ಅಂತ ಬರದಾಳಲ್ಲ, ಯಾರ ಫೀಜೇ ಇದು?" ಎಂದು ತಮ್ಮನ ಕಡೆ ನೋಡಿದಳು.

"ನಂದು" ಎಂದೆ ನಾನು.